ನೀಲಿ ಬಟ್ಟೆಯ ಮೇಲಿನ ನಾಲ್ಕು ಬೆರಳು

ನನ್ನ ಮಾವ ಮತ್ತು ಅವರ ಇಬ್ಬರು ತಮ್ಮಂದಿರು ಮೂರು ಊರಲ್ಲಿ ಮೂರು ಫೋಟೋ ಸ್ಟುಡಿಯೋ ನಡೆಸುತ್ತಾರೆ. ಬೀದರಿನದು ಮಾವನದು, ಭಾಲ್ಕಿಯದು ನಡುವಿನ ಕಾಕಾನದು, ಔರಾದಿನದು ಸಣ್ಣ ಕಾಕಾನದು. ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಮಾವ ಎದೆ ಉಬ್ಬಿಸಿ ಹೇಳಿದ್ದರು, "ನಮ್ಮ ಮನಿತನದಾಗ ಇವತ್ತಿನ ತನಕ ಒಂದು ಫೋಟೋ ಕಳದಿಲ್ಲ ನೋಡವಾ." ಇದು ಹಸಿ ಸುಳ್ಳು. ನನ್ನ ಮದುವೆಯ ಫೋಟೋಗಳಲ್ಲೇ ಅರ್ಧ ಇನ್ನೂ ಸಿಕ್ಕಿಲ್ಲ.

ಬೀದರಿನ ಮೈಲೂರು ಬಡಾವಣೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ನಾನು ಅಂಗಡಿಗಳಿಗೆ, ಶಾಲೆಗಳಿಗೆ, ಒಮ್ಮೊಮ್ಮೆ ಕಲ್ಯಾಣ ಮಂಟಪಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ಮಾವನ ಪ್ರಕಾರ ಇದು ಕೆಲಸವಲ್ಲ, ಸೊಸೆಗೆ ಹೊತ್ತು ಹೋಗಲಿ ಅಂತ ಇರುವ ಒಂದು ಹವ್ಯಾಸ. ಮನೆಗೆ ಬಂದವರ ಎದುರು "ಆಕಿ ಒಳಗ ಟೈಪ್ ಮಾಡ್ಲತ್ತಾಳ" ಅನ್ನುತ್ತಿದ್ದರು, ಅಕ್ಕಿ ಆರಿಸುತ್ತಿದ್ದಾಳೆ ಅನ್ನುವ ಧಾಟಿಯಲ್ಲಿ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮಾವನ ಎದುರು ಉರಿದು ಏನು ಮಾಡುವುದು, ಒಳಗೆ ಹೋಗಿ ಟೈಪ್ ಮಾಡುತ್ತಿದ್ದೆ.

ಹಾಗಿರುವಾಗ ಔರಾದ ಕಾಕಾನ ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ಸದ್ದು ಮಾಡತೊಡಗಿತು. ಒಳಗೆ ಯಾರೋ ಕೂತು ಅಡಕೊತ್ತಿನಲ್ಲಿ ಅಡಿಕೆ ಕತ್ತರಿಸಿದ ಹಾಗೆ, ಕಟಕ್, ಕಟಕ್. ಹದಿನೆಂಟು ವರ್ಷ ಕಾಕಾ ತೆಗೆದ ಅಷ್ಟೂ ಫೋಟೋ ಅದೊಂದರಲ್ಲೇ ಇದ್ದವು. ಆರಿಸಿದರೆ ಮತ್ತೆ ಏಳುವುದಿಲ್ಲ ಎಂಬ ಹೆದರಿಕೆಯಿಂದ ಅವರು ಆ ಕಂಪ್ಯೂಟರನ್ನು ಏಳೆಂಟು ತಿಂಗಳಿಂದ ಆರಿಸಿಯೇ ಇರಲಿಲ್ಲ. ಅದಕ್ಕೇ ಅಂತ ಒಂದು ಇನ್ವರ್ಟರ್, ಅದಕ್ಕೇ ಅಂತ ಒಂದು ಟೇಬಲ್ ಫ್ಯಾನ್. ಗಿರಾಕಿಗಳು ಬೆವರು ಒರೆಸಿಕೊಳ್ಳುತ್ತ ಕೂತಿದ್ದರೂ ಫ್ಯಾನಿನ ಮುಖ ಕಂಪ್ಯೂಟರಿನ ಕಡೆಗೇ ಇರುತ್ತಿತ್ತು.

ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಂಡರೆ ಮುಗಿಯಿತಲ್ಲ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದ್ದೆ. ಆ ಕಂಪ್ಯೂಟರಿಗೆ ಸರಿಯಿದ್ದ ಯುಎಸ್‌ಬಿ ತೂತು ಎರಡೇ, ಒಂದರಲ್ಲಿ ಮೌಸು, ಇನ್ನೊಂದರಲ್ಲಿ ಕೀಬೋರ್ಡು. ನಾನು ಜಾಣತನ ಮಾಡಿ, ಒಂದು ತೂತನ್ನು ನಾಲ್ಕು ಮಾಡುವ ಡಬ್ಬಿ ತಂದು ಸಿಕ್ಕಿಸಿದೆ. ಸ್ಕ್ರೀನು ಕಪ್ಪಾಯಿತು. ಕಾಕಾ ಎದೆ ಹಿಡಿದುಕೊಂಡು ನೆಲದ ಮೇಲೆ ಕೂತೇಬಿಟ್ಟರು. ಸ್ವಲ್ಪ ಹೊತ್ತಿಗೆ ಸ್ಕ್ರೀನು ತಾನಾಗಿಯೇ ಮರಳಿ ಬಂತು, ಕಾಕಾನೂ ಬಂದರು, ಆದರೆ ಅವತ್ತಿನಿಂದ ವೈರು ಇದ್ದ ಯಾವ ವಸ್ತುವನ್ನೂ ಹಿಡಿದುಕೊಂಡು ನಾನು ಅದರ ಹತ್ತಿರ ಸುಳಿಯುವ ಹಾಗಿರಲಿಲ್ಲ. ಮೊದಲೇ ಚುಚ್ಚಿಕೊಂಡಿದ್ದದ್ದು ಇಂಟರ್ನೆಟ್ಟಿನ ವೈರು ಒಂದೇ. ಫೋಟೋಗಳು ಹೊರಗೆ ಬರಬೇಕಾದರೆ ಆ ದಾರಿಯಿಂದಲೇ ಬರಬೇಕಿತ್ತು.

ಇಷ್ಟಕ್ಕೆಲ್ಲ ಯಾಕೆ ಒದ್ದಾಟ ಅಂದರೆ, ಸುತ್ತಲಿನ ಹಳ್ಳಿಗಳಲ್ಲಿ ಯಾರಾದರೂ ತೀರಿಕೊಂಡರೆ ಮನೆಯವರು ಮೊದಲು ಓಡಿಬರುವುದು ಕಾಕಾನ ಹತ್ತಿರ. ಎಂದೋ ರೇಷನ್ ಕಾರ್ಡಿಗೋ ಪಿಂಚಣಿಗೋ ತೆಗೆಸಿದ ಫೋಟೋ ಹುಡುಕಿಸಿ, ದೊಡ್ಡದು ಮಾಡಿಸಿ, ಹಾರ ಹಾಕಲು ಒಯ್ಯುತ್ತಾರೆ. ಆಧಾರ್ ಕಾರ್ಡಿನ ಫೋಟೋ ತೋರಿಸಿದರೆ ಯಾರೂ ಒಪ್ಪುವುದಿಲ್ಲ. "ಅದು ಸರ್ಕಾರದ್ದರಿ, ನಮ್ಮಪ್ಪಂದಲ್ಲ" ಅನ್ನುತ್ತಾರೆ.

ಈ ಎಲ್ಲರೊಳಗೆ ಕಾಕಾನ ಜೀವ ಹಿಂಡುತ್ತಿದ್ದವಳು ಎಕಂಬಾದ ಒಬ್ಬ ಮುದುಕಿ. ಕಾಕಾ ಅವಳನ್ನು ಆಯಿ ಅನ್ನುತ್ತಿದ್ದರು, ಹಾಗಾಗಿ ನನಗೂ ಆಯಿ. ಹತ್ತು ವರ್ಷದ ಹಿಂದೆ ಆಯಿ ಪಿಂಚಣಿ ಅರ್ಜಿಗೆ ಫೋಟೋ ತೆಗೆಸಲು ಗಂಡನ ಜೊತೆ ಬಂದಿದ್ದಳು. ಅವತ್ತು ಸ್ಟುಡಿಯೋದಲ್ಲಿ ಹಿಂದಿನ ಪರದೆ ಕಟ್ಟುವ ಕೋಲು ಮುರಿದಿತ್ತು. ಕಾಕಾ ನೀಲಿ ಬಟ್ಟೆಯ ಒಂದು ತುದಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಗಂಡನ ಕೈಗೆ ಕೊಟ್ಟು "ಎತ್ತಿ ಹಿಡೀರಿ" ಅಂದರು. ಅವನು ಬಟ್ಟೆಯ ಹಿಂದೆ ನಿಂತು ಹಿಡಿದ. ಹಿಡಿದುಕೊಂಡೇ ಏನೋ ಅಂದ. ಆಯಿ ಬಾಯಿ ತುಂಬ ನಕ್ಕಳು. ಅದೇ ಹೊತ್ತಿಗೆ ಫೋಟೋ ಬಿತ್ತು.

ಪಿಂಚಣಿಗೆ ಕೊಟ್ಟದ್ದು ಮುಖ ಮಾತ್ರ ಕತ್ತರಿಸಿದ ತುಂಡು. ಪೂರ್ತಿ ಫೋಟೋದಲ್ಲಿ ಮಾತ್ರ ಮೇಲಿನ ಮೂಲೆಯಲ್ಲಿ, ಬಟ್ಟೆಯ ಅಂಚಿನ ಮೇಲೆ, ಗಂಡನ ನಾಲ್ಕು ಬೆರಳು ಬಂದಿದ್ದವು. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಜೀವಮಾನವಿಡೀ ಸ್ವಂತ ಇಚ್ಛೆಯಿಂದ ಒಂದು ಫೋಟೋಕ್ಕೂ ನಿಂತವನಲ್ಲ. ಆಯಿಗೆ ಆ ಪೂರ್ತಿ ಫೋಟೋ ಬೇಕಿತ್ತು. ತಾನು ಸತ್ತ ಮೇಲೆ ಗೋಡೆಗೆ ಹಾಕಬೇಕಾದದ್ದು ಅದೇ, ಬೇರೆ ಯಾವುದೂ ಅಲ್ಲ.

"ಇಬ್ರೂ ಕೂಡಿ ತಗಿಸಿದ್ದು ಅದೊಂದೇ ಅದರಿ," ಅನ್ನುತ್ತಿದ್ದಳು. "ಹಾರಾ ಹಾಕಿದ್ರ ಇಬ್ರಿಗೂ ಹಾಕಿದಂಗ ಆಗ್ತದ."

ಅವನು ಏನಂದ ಅಂತ ಕಾಕಾ ಎಷ್ಟೋ ಸಲ ಕೇಳಿದ್ದರು. ಅವತ್ತು ಅವರ ಗಮನವೆಲ್ಲ ಕ್ಯಾಮೆರಾದ ಮೇಲಿತ್ತು, ಕೇಳಿಸಿಕೊಂಡಿರಲಿಲ್ಲ. ಆಯಿ ಹೇಳಲಿಲ್ಲ. "ಅದು ನಮ್ಮ ಗಂಡಾ ಹೆಂಡ್ತಿ ಮಾತು, ನಿಮಗ್ಯಾಕ?" ಅಂದುಬಿಟ್ಟಿದ್ದಳು.

ಆ ಫೋಟೋ ಡಿಸ್ಕಿನೊಳಗೆ ಎಲ್ಲಿತ್ತು ಎಂಬುದು ಆ ಶಿವನಿಗೂ ಗೊತ್ತಿರಲಿಲ್ಲ. ಕಾಕಾ ಫೋಲ್ಡರುಗಳಿಗೆ ಹೆಸರಿಡುವವರೇ ಅಲ್ಲ. ನ್ಯೂ ಫೋಲ್ಡರ್, ನ್ಯೂ ಫೋಲ್ಡರ್ ಎರಡು, ನ್ಯೂ ಫೋಲ್ಡರ್ ಎರಡರೊಳಗೆ ಇನ್ನೊಂದು ನ್ಯೂ ಫೋಲ್ಡರ್. ಒಂದನ್ನು ತೆರೆದು ಹುಡುಕಲು ಹೋದರೆ ಡಿಸ್ಕು ಉಸಿರುಗಟ್ಟಿ ನಿಲ್ಲುತ್ತಿತ್ತು. ಇದ್ದದ್ದನ್ನೆಲ್ಲ ಒಟ್ಟಿಗೇ ಹೊರಗೆ ಸಾಗಿಸಿ ಆಮೇಲೆ ಹುಡುಕುವುದೊಂದೇ ಉಪಾಯ.

ಒಂದು ದಿನ ಊಟಕ್ಕೆ ಕೂತಾಗ ನಾನು ಘೋಷಿಸಿದೆ. ಮೂರೂ ಸ್ಟುಡಿಯೋಗಳಿಗೆ ಸೇರಿ ಒಂದು ವೆಬ್ ಆ್ಯಪ್ ಮಾಡುತ್ತೇನೆ, ಎಲ್ಲ ಫೋಟೋ ಕ್ಲೌಡಿಗೆ ಹಾಕುತ್ತೇನೆ.

"ಕ್ಲೌಡ್ ಅಂದ್ರ ಯಾರ ಮನ್ಯಾಗ ಇರ್ತದ?" ಮಾವ ಕೇಳಿದರು.

"ಬ್ಯಾರೆ ಕಂಪನಿಯವರ ಕಂಪ್ಯೂಟರ್‌ರಿ. ಬಾಡಿಗಿ ಕೋಣಿ ಇದ್ದಂಗ."

"ಬಾಡಿಗಿ ಮನ್ಯಾಗ ಗ್ವಾಡಿಗೆ ಒಂದು ಮೊಳಿ ಹೊಡಿಲಿಕ್ಕ ಬಿಡಂಗಿಲ್ಲ. ಇಷ್ಟು ಫೋಟೋ ಇಡ್ಲಿಕ್ಕ ಬಿಡ್ತಾರಾ?"

ಆಮೇಲೆ ಅವರು ತುತ್ತು ಕಲಸುತ್ತ, ಶುರು ಮಾಡುವುದಕ್ಕೆ ಒಂದು ಒಳ್ಳೆಯ ವೇಳೆ ನೋಡಬೇಕಲ್ಲ ಅಂದರು. ನಾನು ನಕ್ಕುಬಿಟ್ಟೆ. ಸಣ್ಣಗೆ ನಕ್ಕಿದ್ದರೆ ನಡೆದುಹೋಗುತ್ತಿತ್ತು, ಅನ್ನ ನೆತ್ತಿಗೇರುವ ಹಾಗೆ ನಕ್ಕೆ. "ಮಾವಾರ, ಕಂಪ್ಯೂಟರಿಗಿ ವ್ಯಾಳಿ ಗೀಳಿ ಗೊತ್ತಾಗಂಗಿಲ್ರಿ!" ಅಂದೆ. ಮಾವ ಮಜ್ಜಿಗೆ ಕುಡಿದು ಎದ್ದು ಹೋದರು.

ಆ್ಯಪ್ ಚೆನ್ನಾಗಿಯೇ ಆಯಿತು. ಫೋಲ್ಡರನ್ನು ಎಳೆದು ತಂದು ಹಾಕುವುದು, ಹಸಿರು ಬಟನ್ ಒತ್ತುವುದು, ಅಷ್ಟೇ ಕೆಲಸ. ಫೋಟೋಗಳೆಲ್ಲ ಮೊದಲು ನನ್ನ ಸಣ್ಣ ಸರ್ವರಿಗೆ ಬಂದು ಅಲ್ಲಿಂದ ಕ್ಲೌಡಿಗೆ ಹೋಗುತ್ತಿದ್ದವು. ನನ್ನ ಮದುವೆಯ ಸಿಕ್ಕಿದಷ್ಟು ಫೋಟೋ ಹಾಕಿ ನೋಡಿದೆ, ಬೆಣ್ಣೆಯಂತೆ ಜಾರಿಕೊಂಡು ಹೋದವು. ಮೂರೂ ಕಡೆಗೆ ಹೇಳಿದೆ, ನಾಳೆ ಸೋಮವಾರದಿಂದ ಶುರು ಮಾಡಿರಿ ಅಂತ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ನನ್ನ ಸರ್ವರ್ ಅಂಗಾತ ಬಿತ್ತು. ಮೊದಲ ಫೋನು ಭಾಲ್ಕಿಯಿಂದ.

"ಏನಿಲ್ಲವಾ, ಒಂದು ಗೋಲ ಬಂದದ. ತಿರುಗ್ಲತ್ತದ. ಛಂದ ಅದ. ಆದ್ರ ಮುಂದ ಏನೂ ಹೋಗವಲ್ದು."

"ಬಟನ್ ಮತ್ತ ಮತ್ತ ಒತ್ತೀರೇನ್ರಿ ಕಾಕಾ?"

"ಛೇ ಛೇ. ಒಂದೇ ಸಲ."

ಸರ್ವರಿನ ದಾಖಲೆ ತೆಗೆದು ನೋಡಿದರೆ ಹದಿನೇಳು ಸಲ ಒತ್ತಿದ್ದರು. ಒತ್ತಿದಷ್ಟು ಸಲವೂ ಮೊದಲ ಫೋಟೋದಿಂದ ಶುರು. ಔರಾದಿನದೂ ಅದೇ ಕಥೆ, ಅಲ್ಲಿ ಡಿಸ್ಕು ನಾಲ್ಕು ಹೆಜ್ಜೆ ಓದುವುದು, ನನ್ನ ಸರ್ವರ್ ಬೀಳುವುದು, ಮತ್ತೆ ಮೊದಲಿನಿಂದ ಓದುವುದು. ಸಾಯಲು ಬಿದ್ದ ಡಿಸ್ಕಿಗೆ ನಾನೇ ಡೊಂಬರಾಟ ಮಾಡಿಸುತ್ತಿದ್ದೆ.

ಸರ್ವರ್ ಎಬ್ಬಿಸಿದೆ. ಮಂಗಳವಾರ ಇಡೀ ದಿನ ಗುಂಡುಕಲ್ಲಿನಂತಿತ್ತು, ಸಂಜೆ ನಾಲ್ಕೂವರೆಗೆ ಬಿತ್ತು. ಬುಧವಾರ ಮಧ್ಯಾಹ್ನ ಒಂದೂವರೆಗೆ. ಗುರುವಾರ ಮೂರಕ್ಕೆ. ಶುಕ್ರವಾರ ಹನ್ನೆರಡು ಬಾರಿಸುತ್ತಿದ್ದ ಹಾಗೇ ಬಿತ್ತು. ದಿನಕ್ಕೆ ಒಂದೇ ಸಲ, ಆದರೆ ದಿನಕ್ಕೊಂದು ಹೊತ್ತು. ಕರೆಂಟ್ ಅಂದುಕೊಂಡೆ, ಕರೆಂಟ್ ಇತ್ತು. ಮಂಗಗಳು ಕೇಬಲ್ಲಿಗೆ ಜೋತುಬಿದ್ದವೇನೋ ಅಂತ ಎರಡು ದಿನ ತಾರಸಿ ಹತ್ತಿ ನೋಡಿದೆ. ಒಂದು ಮಂಗ ಇತ್ತು, ಪಾಪ, ಅದು ತನ್ನ ಪಾಡಿಗೆ ಕೂತಿತ್ತು. ಕೊನೆಗೆ ಇದು ಹೊರದೇಶದ ಹ್ಯಾಕರನ ಕೆಲಸ ಎಂದು ತೀರ್ಮಾನಿಸಿ ಭಾಲ್ಕಿ ಕಾಕಾಗೆ ಗಂಭೀರವಾಗಿ ಹೇಳಿದೆ.

"ಹೌದಾ?" ಕಾಕಾಗೆ ಭಾರೀ ಖುಷಿಯಾಯಿತು. "ಹೊರದೇಶದವ್ರಿಗಿ ನಮ್ಮ ಭಾಲ್ಕಿ ಗೊತ್ತದ ಅಂದಂಗಾತು."

ಅದೇ ವಾರದ ಮಂಗಳವಾರ ಆಯಿ ಸ್ಟುಡಿಯೋಕ್ಕೆ ಬಂದವಳು ಕಾಕಾನ ಫೋನಿನಿಂದ ನನಗೆ ಮಾತಾಡಿದಳು. ನನ್ನನ್ನು ಅವಳು ನೋಡಿರಲೇ ಇಲ್ಲ. ಆದರೂ ನೇರ ವಿಷಯಕ್ಕೇ ಬಂದಳು.

"ಏ ಯವ್ವಾ, ನಮ್ಮವ್ರ ಬೆರಳ ಹ್ವಾದ್ವೇನು ಮ್ಯಾಲ?"

"ಇನ್ನ ಇಲ್ರಿ ಆಯಿ."

"ನಮ್ಮವ್ರು ಮ್ಯಾಲ ಹೋಗಿ ಆರು ವರ್ಷಾತು. ಬೆರಳಿಗಿ ಯಾಕಿಷ್ಟು ತಡಾ?"

ನನಗೆ ನಗು ಬಂತು, ಫೋನ್ ಇಟ್ಟ ಮೇಲೆ ಅಳುವೂ ಬಂತು. ಅವಳ ಮಾತಿನ ಹಿಂದಿನಿಂದ ಕಟಕ್ ಕಟಕ್ ಕೇಳಿಸಿತ್ತು. ನಾನು ದೊಡ್ಡ ಮಾತಾಡಿ ಬಿಟ್ಟಿದ್ದೆ, ಡಿಸ್ಕು ನನಗಾಗಿ ಕಾಯುವಂತಿರಲಿಲ್ಲ.

ಶನಿವಾರ ಹತ್ತೂವರೆಗೆ ಬಿತ್ತು, ಭಾನುವಾರ ಸಂಜೆ ಆರಕ್ಕೆ ಬಿತ್ತು. ಒಂದು ವಾರದ ಪಟ್ಟಿಯನ್ನು ಒಂದು ಲಗ್ನಪತ್ರಿಕೆಯ ಹಿಂದೆ ಬರೆದುಕೊಂಡು ಅಡುಗೆಮನೆಗೆ ಬಂದು ತಲೆ ಮೇಲೆ ಕೈ ಹೊತ್ತು ಕೂತೆ. ಅತ್ತೆ ನೆಲದ ಮೇಲೆ ಕಾಲು ಚಾಚಿಕೊಂಡು ಹಸಿ ತೊಗರಿಕಾಯಿ ಸುಲಿಯುತ್ತಿದ್ದರು. ನನ್ನ ಮುಖ ನೋಡಿ "ಏನದು, ಓದು ನೋಡೋಣು" ಅಂದರು. ಕಂಪ್ಯೂಟರಿನ ವಿಷಯ ಇವರಿಗೇನು ತಿಳಿದೀತು ಅಂತ ಬೇಸರದಲ್ಲೇ ಓದಿದೆ. ಸೋಮವಾರ ಒಂಬತ್ತು. ಮಂಗಳವಾರ ನಾಲ್ಕೂವರೆ. ಬುಧವಾರ ಒಂದೂವರೆ.

"ಗುರುವಾರ ಮೂರು," ಅಂದರು ಅತ್ತೆ, ಕಾಯಿಯಿಂದ ಕಣ್ಣು ಎತ್ತದೆ. "ಶುಕ್ರವಾರ ಹನ್ನೆರಡು."

ಪಟ್ಟಿಯಲ್ಲಿ ಹಾಗೇ ಇತ್ತು.

"ನಿಮಗ ಹ್ಯಾಂಗ ಗೊತ್ತಾತ್ರಿ ಅತ್ತಿ?"

ಅವರು ಒಂದು ತೊಗರಿಕಾಯಿಯಿಂದ ಗೋಡೆಯ ಕ್ಯಾಲೆಂಡರ್ ತೋರಿಸಿದರು. "ಅಲ್ಲೇ ಬರದಾರಲ್ಲ. ರಾಹುಕಾಲ ಮುಗಿಯೋ ಟೈಮು."

ಎದ್ದು ಹೋಗಿ ನೋಡಿದೆ. ಸೋಮವಾರ ಏಳೂವರೆಯಿಂದ ಒಂಬತ್ತು. ಮಂಗಳವಾರ ಮೂರರಿಂದ ನಾಲ್ಕೂವರೆ. ಒಂದೂ ತಪ್ಪಿಲ್ಲ. ಅಯ್ಯಯ್ಯೋ! ನನ್ನ ಹೊರದೇಶದ ಹ್ಯಾಕರ್ ಮುಂದಿನ ಪಡಸಾಲೆಯಲ್ಲಿ ಕೂತು ಪೇಪರ್ ಓದುತ್ತಿದ್ದ.

ನಾನು ಹೋಗಿ ಪಟ್ಟಿಯನ್ನು ಮಾವನ ಮುಂದೆ ಹಿಡಿದೆ. ಅವರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಆಮೇಲೆ ಎಲ್ಲ ಹೊರಗೆ ಬಂತು. ಅಣ್ಣತಮ್ಮಂದಿರ ಗ್ರೂಪಿನಲ್ಲಿ ದಿನಾ ಮಾವನ ಮೆಸೇಜು ಹೋಗುತ್ತಿತ್ತು, ಇವತ್ತು ಇಷ್ಟು ಹೊತ್ತಿಗೆ ಒತ್ತಬೇಕು ಅಂತ. ರಾಹುಕಾಲಕ್ಕೆ ಮೊದಲೇ ಶುರು ಮಾಡಿದರೆ ನಡುವೆ ರಾಹುಕಾಲ ಹೊಗುತ್ತದೆ, ಕೆಲಸ ತಾಸುಗಟ್ಟಲೆಯದು. ಆದ್ದರಿಂದ ಅದು ಕಳೆದ ಮೇಲೆಯೇ ಒತ್ತುವುದು ಕ್ಷೇಮ. ಮೂರೂ ಊರಿನಲ್ಲಿ ಮೂವರೂ ಗಡಿಯಾರ ನೋಡುತ್ತ, ಬಟನ್ ಮೇಲೆ ಬೆರಳಿಟ್ಟುಕೊಂಡು ಕಾಯುತ್ತಿದ್ದರು. ಮುಳ್ಳು ಮುಟ್ಟಿದ ಕ್ಷಣ ಒತ್ತು! ಹದಿನೈದು ಸಾವಿರ ಫೋಟೋ ಒಟ್ಟಿಗೆ ಬಂದು ಎರಗಿದರೆ ನನ್ನ ಬಡಪಾಯಿ ಸರ್ವರ್ ಬೀಳದೆ ಏನು ಮಾಡೀತು.

"ನನಗ ಯಾಕ ಹೇಳ್ಲಿಲ್ರಿ ಮಾವಾರ?" ಅಂದೆ. ಸಿಟ್ಟು ಬಂದಿತ್ತು. "ಒಂದು ವಾರ ಮಂಗ್ಯಾನ ಹಿಂದ ಓಡ್ಯಾಡೀನಿ ನಾ!"

"ಹೇಳಿದ್ರ ನೀ ನಗ್ತಿದ್ದಿ," ಅಂದರು ಮಾವ. "ಒಮ್ಮಿ ನಕ್ಕಿದ್ದಿ."

ಸಿಟ್ಟೆಲ್ಲ ಅಲ್ಲೇ ಇಳಿಯಿತು. ನಕ್ಕಿದ್ದು ನಿಜ. ಅವರ ಮುಖ ನೋಡಿ ನಾಚಿಕೆಯಾಯಿತು.

ಆದರೂ ಸುಮ್ಮನೆ ಸೋಲುವವಳಲ್ಲ ನಾನು. ಮೂವರೂ ಒಂದೊಂದು ತಾಸು ಬಿಟ್ಟು ಒತ್ತಿರಿ ಅಂದೆ. ತಡಮಾಡಿದಷ್ಟೂ ವೇಳೆಯ ಕಸುವು ಹೋಗುತ್ತದಂತೆ, ಒಪ್ಪಲಿಲ್ಲ. ಸೂರ್ಯ ಭಾಲ್ಕಿಯಲ್ಲಿ ಬೀದರಿಗಿಂತ ತಡವಾಗಿ ಹುಟ್ಟುತ್ತಾನೆ, ಹಾಗಾದರೆ ಅಲ್ಲಿ ರಾಹುಕಾಲವೂ ತಡವಲ್ಲವೇ ಅಂತ ವಾದ ಹೂಡಿದೆ. ಮಾವನಿಗೆ ಇದು ಬಹಳ ಹಿಡಿಸಿತು. ಎಷ್ಟು ತಡ ಅಂತ ಕೇಳಿದರು. ಲೆಕ್ಕ ಹಾಕಿದರೆ ಒಂದು ನಿಮಿಷದ ಮೇಲೆ ಸ್ವಲ್ಪ. ಕೂಡಲೇ ಫೋನ್ ಎತ್ತಿ ಭಾಲ್ಕಿಗೆ ಹೇಳಿದರು, "ನಾಳಿಂದ ನೀ ಒಂದು ಮಿನಿಟು ತಡಾ ಮಾಡಿ ಒತ್ತು." ಮರುದಿನ ಸರ್ವರ್ ಒಂದು ನಿಮಿಷ ತಡವಾಗಿ ಬಿತ್ತು.

ಆಗ ನನಗೆ ಬುದ್ಧಿ ಬಂತು. ತಪ್ಪು ರಾಹುವಿನದಲ್ಲ, ನನ್ನದು. ಮೂರು ಜನ ಒಟ್ಟಿಗೆ ಬಾಗಿಲು ತಟ್ಟಿದರೆ ಬೀಳುವ ಮನೆ ಕಟ್ಟಿದವಳು ನಾನು. ನಾಲ್ಕು ದಿನ ಕೂತು ಎಲ್ಲ ಬಿಚ್ಚಿ ಬೇರೆ ಥರ ಮಾಡಿದೆ. ಈಗ ಫೋಟೋಗಳು ನನ್ನ ಸರ್ವರಿಗೆ ಬರುವುದೇ ಇಲ್ಲ. ಅದು ಬರೀ ಒಳಗೆ ಬಿಡುವ ಚೀಟಿ ಕೊಡುತ್ತದೆ, ಚೀಟಿ ಹಿಡಿದ ಫೋಟೋ ನೇರ ಕ್ಲೌಡಿಗೆ ಹೋಗುತ್ತದೆ. ಒಂದು ಸಲಕ್ಕೆ ಮೂರೇ ಫೋಟೋ, ಅದೂ ತುಂಡು ತುಂಡಾಗಿ. ನಡುವೆ ನಿಂತರೆ ನಿಂತಲ್ಲಿಂದಲೇ ಮುಂದಕ್ಕೆ. ಔರಾದಿನ ಡಿಸ್ಕಿಗಾಗಿ ಇನ್ನೊಂದು ನಿಯಮ ಸೇರಿಸಿದೆ. ಒಂದು ಫೋಟೋ ಓದಲು ಬರಲಿಲ್ಲವೆಂದರೆ ಮೂರು ಸಲ ನೋಡು, ಬಂದಷ್ಟು ಇಟ್ಟುಕೋ, ಮುಂದೆ ನಡೆ.

ಬಟನ್ನನ್ನು ಮೂವರೂ ಒಂದೇ ಕ್ಷಣಕ್ಕೆ ಒತ್ತಬಹುದು, ಒತ್ತಿದ ಹೊತ್ತು ದಾಖಲಾಗುತ್ತದೆ, ಆದರೆ ಕಳಿಸುವುದು ಸರದಿಯ ಮೇಲೆ. ಇದನ್ನು ಮಾವನಿಗೆ ಹೆದರುತ್ತಲೇ ಹೇಳಿದೆ. ಅವರು ಒಂದೇ ಕೇಳಿದರು.

"ಒತ್ತಿದ್ದು ಖರೇ ಹೊತ್ತಿಗಿ ಆತಲ್ಲ?"

"ಆತ್ರಿ."

"ಮತ್ತೇನು. ತಾಳಿ ಕಟ್ಟೋದು ಮುಹೂರ್ತಕ್ಕ, ಊಟ ಪಂಕ್ತಿ ಮ್ಯಾಲ." ಆಮೇಲೆ ಅಂದರು, "ಮೊದಲ ಪಂಕ್ತಿ ಔರಾದಿಂದು ಇರ್ಲಿ. ಹಿರ್ಯಾವ ನಾ ಆದ್ರೇನಾತು, ಆ ಮುದುಕೀದು ಹೋಗ್ಲಿ ಮೊದ್ಲ."

ಮುಂದಿನ ಸೋಮವಾರ ನಾನು ಮುಂಜಾನೆಯ ಬಸ್ಸು ಹಿಡಿದು ಔರಾದಿಗೇ ಹೋದೆ. ಕಾಕಾ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಡಿಸ್ಕಿಗೂ ಒಂದು ಬೊಟ್ಟು ಹಚ್ಚಿ ಕೂತಿದ್ದರು. ಒಂಬತ್ತಕ್ಕೆ ಮೂರೂ ಊರಿನಲ್ಲಿ ಒತ್ತಿದರು. ಸರ್ವರ್ ಕದಲಲಿಲ್ಲ! ಬೀದರಿನಲ್ಲೂ ಭಾಲ್ಕಿಯಲ್ಲೂ ಸ್ಕ್ರೀನಿನ ಮೇಲೆ "ನಿಮ್ಮ ಪಾಳಿ ಬರ್ತದ, ಆರಾಮ ಕೂಡ್ರಿ" ಎಂದು ಬಂತು, ಅದನ್ನು ನಾನೇ ಬರೆದಿದ್ದೆ. ಭಾಲ್ಕಿ ಕಾಕಾ ಅದರ ಫೋಟೋ ತೆಗೆದು ಗ್ರೂಪಿಗೆ ಹಾಕಿದರಂತೆ. ಆ ದಿನವೇ ನನ್ನನ್ನೂ ಗ್ರೂಪಿಗೆ ಸೇರಿಸಿದರು.

ಔರಾದಿನ ಸ್ಕ್ರೀನಿನ ಮೇಲಿನ ಹಸಿರು ಪಟ್ಟಿ ಮೆಲ್ಲಗೆ ತುಂಬತೊಡಗಿತು. ಅವತ್ತು ಅರ್ಧ. ಕಾಕಾನ ಮನೆಯಲ್ಲೇ ಉಳಿದು ಮಂಗಳವಾರ ಬೆಳಿಗ್ಗೆ ಬಂದು ನೋಡಿದರೆ ನೂರಕ್ಕೆ ಎಂಬತ್ತು. ಹನ್ನೊಂದರ ಹೊತ್ತಿಗೆ ಆಯಿ ಬಂದಳು. ನಾನು ಅಂದುಕೊಂಡದ್ದಕ್ಕಿಂತ ಸಣ್ಣ ಮುದುಕಿ, ಹಲ್ಲು ಮೂರೋ ನಾಲ್ಕೋ ಉಳಿದಿದ್ದವು. ನನ್ನನ್ನು ಮೇಲಿಂದ ಕೆಳಗೆ ನೋಡಿ "ನೀನೇ ಏನು ತಡಾ ಮಾಡಾಕಿ?" ಅಂದಳು. ಆಮೇಲೆ ಸ್ಟೂಲ್ ಎಳೆದುಕೊಂಡು ಸ್ಕ್ರೀನಿನ ಎದುರು ಕೂತಳು. ನಾವು ಮೂವರೂ ಹಾಲು ಉಕ್ಕುವುದನ್ನು ಕಾಯುವವರ ಹಾಗೆ ಕೂತಿದ್ದೆವು.

ತೊಂಬತ್ತೇಳಕ್ಕೆ ಬಂದಾಗ ಕಟಕ್ ಕಟಕ್ ನಿಂತುಹೋಯಿತು. ಫ್ಯಾನಿನ ಸದ್ದು ಮಾತ್ರ ಉಳಿಯಿತು. ಕಾಕಾ ಕಂಪ್ಯೂಟರಿಗೆ ಕಿವಿ ಹಚ್ಚಿದರು. ಕೊನೆಗೆ ಎದ್ದು, ಎಂಟು ತಿಂಗಳಲ್ಲಿ ಮೊದಲ ಸಲ, ಫ್ಯಾನಿನ ಮುಖವನ್ನು ಆಯಿಯ ಕಡೆ ತಿರುಗಿಸಿದರು.

"ಹೋತು," ಅಂದರು.

ಬಂದಷ್ಟರಲ್ಲಿ ಆಯಿಯ ಫೋಟೋ ಇದೆಯೋ ಇಲ್ಲವೋ ನೋಡಬೇಕಿತ್ತು. ನನ್ನ ಲ್ಯಾಪ್‌ಟಾಪ್ ತೆರೆದು ಒಂದೊಂದೇ ಪುಟ ಸರಿಸುತ್ತ ಹೋದೆ. ಮುಖಗಳು, ಮುಖಗಳು. ಆಯಿ ಎಲ್ಲರನ್ನೂ ಗುರುತಿಸಿದಳು.

"ಇಂವ ಸತ್ತ. ಇಕಿ ಸತ್ಲು, ಛಲೋ ಹೆಂಗಸು. ಇಂವ ಇನ್ನ ಅದಾನ, ಯಾರ ಮಾತೂ ಕೇಳಂಗಿಲ್ಲ. ಇಂವ... ಇಂವ ನಮ್ಮ ಕೋಳಿ ಕದ್ದಾಂವ. ಇವನ್ನ ಯಾಕ ಉಳಿಸೀರಿ?"

ಎರಡು ತಾಸು ಹೀಗೇ ನಡೆಯಿತು. ಕಟ್ಟಕಡೆಯ ಪುಟದ ಕಟ್ಟಕಡೆಯ ಫೋಟೋ, ಪಕ್ಕದಲ್ಲಿ ನನ್ನದೇ ಆ್ಯಪ್ ಬರೆದ ಪದ, "ಅರ್ಧ". ಡಿಸ್ಕು ಇದನ್ನು ಓದುತ್ತಲೇ ನಿಂತಿತ್ತು. ತೆರೆದೆ.

ನೀಲಿ ಬಟ್ಟೆ. ಬಟ್ಟೆಯ ಮೇಲಂಚಿನ ಮೂಲೆಯಲ್ಲಿ ನಾಲ್ಕು ಬೆರಳು, ಒಂದರಲ್ಲಿ ತಾಮ್ರದ ಉಂಗುರ. ಕೆಳಗೆ ಆಯಿಯ ಸೆರಗು ಹೊದ್ದ ತಲೆ, ಹಣೆ, ನಗುತ್ತ ಸಣ್ಣಗಾದ ಎರಡು ಕಣ್ಣು. ಮೂಗಿನ ಹತ್ತಿರಕ್ಕೆ ಗೆರೆ ಕೊರೆದಂತೆ ಫೋಟೋ ಮುಗಿದಿತ್ತು. ಅಲ್ಲಿಂದ ಕೆಳಗೆ ಬರೀ ಬೂದಿ ಬಣ್ಣ.

ಆಯಿ ಸ್ಕ್ರೀನಿನ ಮೇಲೆ ಬೆರಳಿಟ್ಟು ಎಣಿಸಿದಳು. "ನಾಕೂ ಅವ," ಅಂದಳು.

ನನಗೆ ಅಳು ತಡೆಯಲಾಗಲಿಲ್ಲ. "ತಪ್ಪಾತ್ರಿ ಆಯಿ. ಒಂದು ವಾರ ಮೊದ್ಲ ನಂಗ ತಿಳದಿದ್ರ ಪೂರಾ ಬರ್ತಿತ್ತು. ನಿಮ್ಮ ಬಾಯಿ ಬಂದಿಲ್ರಿ."

"ನನ್ನ ಬಾಯಿ ಎಲ್ಲಿಗಿ ಹೋತು? ಇಲ್ಲೇ ಅದಲ್ಲ," ಅಂದಳು ಆಯಿ. "ಹೋದದ್ದು ಬಂತು ನೋಡು. ಇದ್ದದ್ದಕ್ಕ್ಯಾಕ ಅಳ್ತಿ?"

ಈ ಮಾತು ಕೇಳಿ ಕಾಕಾಗೆ ಕಸುಬು ನೆನಪಾಯಿತು. ಕಣ್ಣೊರೆಸಿಕೊಂಡು ಕ್ಯಾಮೆರಾ ತೆಗೆದರು. ಕೆಳಗಿನ ಅರ್ಧ ಈಗ ತೆಗೆಯೋಣ, ಎರಡನ್ನೂ ಜೋಡಿಸಿಕೊಡುತ್ತೇನೆ ಅಂದರು. ಅರವತ್ತರ ಕಣ್ಣು, ಎಪ್ಪತ್ತರ ಬಾಯಿ. ಆಯಿಗೆ ಇದರಲ್ಲಿ ಏನೂ ತಪ್ಪು ಕಾಣಲಿಲ್ಲ. ಕಾಕಾ ಬೆಳಕು ಸರಿಮಾಡಿ, ಕ್ಯಾಲೆಂಡರ್ ಕಡೆ ನೋಡಿ, ಥಟ್ಟನೆ ನಿಂತರು. ಮಂಗಳವಾರ, ಮೂರೂಮುಕ್ಕಾಲು.

"ಇನ್ನ ಮುಕ್ಕಾಲು ತಾಸು ರಾಹುಕಾಲ ಅದರಿ ಆಯಿ. ಜರಾ ತಡೀರಿ."

"ನಾಕೂವರಿಗಿ ಎಕಂಬಾ ಬಸ್ಸು ಅದ. ರಾಹು ಬಂದು ಮನಿಗಿ ಬಿಡ್ತಾನೇನು? ತಗೀರಿ ಸುಮ್ನ."

ಅದೇ ನೀಲಿ ಬಟ್ಟೆ ಪೆಟ್ಟಿಗೆಯಿಂದ ಹೊರಬಂತು, ಬಣ್ಣ ಸ್ವಲ್ಪ ಮಾಸಿತ್ತು. ಪರದೆಯ ಕೋಲು ಈ ಹತ್ತು ವರ್ಷದಲ್ಲಿ ರಿಪೇರಿಯಾಗಿರಲಿಲ್ಲ. ಒಂದು ತುದಿ ಅದೇ ಮೊಳೆಗೆ, ಇನ್ನೊಂದು ತುದಿ ನನ್ನ ಕೈಗೆ. ನಾನು ಬಟ್ಟೆಯ ಹಿಂದೆ ನಿಂತು ಎತ್ತಿ ಹಿಡಿದೆ. ಆಯಿ ಸ್ಟೂಲಿನ ಮೇಲೆ ನೆಟ್ಟಗೆ ಕೂತಳು.

"ನಗ್ರಿ ಆಯಿ. ಮ್ಯಾಲಿನ ಕಣ್ಣು ನಗ್ಲತ್ತಾವ, ಕೆಳಗಿನ ಬಾಯಿ ಗಂಟು ಹಾಕ್ಕೊಂಡ್ರ ಹ್ಯಾಂಗ?"

"ಸುಮ್ ಸುಮ್ನ ಹ್ಯಾಂಗ ನಗ್ಲಿ? ನಾ ಏನು ಹುಚ್ಚಿ ಏನು?"

ಕಾಕಾ ಜೋಕು ಹೇಳಿದರು, ಆಯಿಗೆ ತಿಳಿಯಲಿಲ್ಲ. ಇನ್ನೊಂದು ಹೇಳಿದರು, ಅದು ನನಗೂ ತಿಳಿಯಲಿಲ್ಲ. ಆಯಿ ಹಲ್ಲು ಕಿರಿದು ನೋಡಿದಳು, ನಗುವಿನ ಹಾಗೆ ಕಾಣಲಿಲ್ಲ. ಕಾಕಾ ಮತ್ತೆ ಬೆಳಕು ಸರಿಸಿದರು, ಹಿಂದೆ ಹೋದರು, ಮುಂದೆ ಬಂದರು. ನನ್ನ ರಟ್ಟೆ ನೋಯತೊಡಗಿತು. ಬೆರಳು ಜೋಮು ಹಿಡಿದವು. ಕಾಕಾಗೆ ಕೇಳಿಸದ ಹಾಗೆ, ಬಟ್ಟೆಯ ಹಿಂದಿನಿಂದ, ನಾನು ನನ್ನಷ್ಟಕ್ಕೇ ಗೊಣಗಿದೆ.

"ಎಷ್ಟೊತ್ತು ಮಾಡ್ತೀರಿ, ನನ್ನ ಕೈ ಬಿದ್ದು ಹೋಗ್ಲತ್ತದ."

ಬಟ್ಟೆಯ ಆಚೆ ಆಯಿ ನಕ್ಕಳು. ಸ್ಟೂಲು ಅಲುಗುವ ಹಾಗೆ, ಉಸಿರು ಸಿಗದ ಹಾಗೆ ನಕ್ಕಳು. ಕಾಕಾ ಟಕ ಟಕ ಟಕ ಫೋಟೋ ಹೊಡೆದರು. ಏನಾಯಿತೋ ಅಂತ ಗಾಬರಿಯಾಗಿ ನಾನು ಬಟ್ಟೆ ಸರಿಸಿ ಇಣುಕಿದೆ. ಅವಳ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಬಾಯಿ ಇನ್ನೂ ನಗುತ್ತಿತ್ತು.

"ಕೈ ಇಳಸಬ್ಯಾಡ ಯವ್ವಾ," ಅಂದಳು. "ನಮ್ಮವ್ರೂ ಇದೇ ಅಂದಿದ್ರು. ಬರಾಬರ್ ಇದೇ ಮಾತು."

ನಾನು ಕೈ ಇಳಿಸಲಿಲ್ಲ.